ಒಂದು ಗಾಣ ನಡೆದ ಮೇಲೆ ಒಮ್ಮೆಗೇ ಮೂರು: ಇದು ಆತ್ಮವಿಶ್ವಾಸವೋ, ಅತಿವಿಶ್ವಾಸವೋ?

ಪ್ರಶ್ನೆ: ಬಯಲುಸೀಮೆಯವ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಚಳ್ಳಕೆರೆಯಲ್ಲಿ ಮರದ ಗಾಣದ ಎಣ್ಣೆ ಅಂಗಡಿ ನಡೆಸುತ್ತಿದ್ದಾನೆ. ಶೇಂಗಾ ಎಣ್ಣೆಗೂ ಕೊಬ್ಬರಿ ಎಣ್ಣೆಗೂ ಖಾಯಂ ಗಿರಾಕಿಗಳಿದ್ದಾರೆ. ಹಿಂಡಿಯನ್ನು ದನ ಸಾಕುವವರು ಅಂಗಡಿಗೇ ಬಂದು ಒಯ್ಯುತ್ತಾರೆ. ಈಗ ಅವನು ಮನೆಯನ್ನು ಅಡವಿಟ್ಟು ಸಾಲ ಪಡೆದು ಹಿರಿಯೂರು, ಚಿತ್ರದುರ್ಗ ಮತ್ತು ದಾವಣಗೆರೆಯಲ್ಲಿ ಒಮ್ಮೆಗೇ ಮೂರು ಅಂಗಡಿ ತೆರೆಯಬೇಕೆಂದು ಹೊರಟಿದ್ದಾನೆ. ‘ಇಲ್ಲಿ ನಡೆದದ್ದು ಅಲ್ಲಿ ಯಾಕೆ ನಡೆಯೋದಿಲ್ಲ, ಅಣ್ಣ?’ ಎಂದು ಕೇಳುತ್ತಾನೆ. ಉದ್ಯಮಿಗಳ ಅತಿವಿಶ್ವಾಸದ ಬಗ್ಗೆ ನಡೆದಿರುವ ಅಧ್ಯಯನಗಳು ಇಂಥ ಸಣ್ಣ ವ್ಯಾಪಾರಕ್ಕೂ ಅನ್ವಯಿಸುತ್ತವೆಯೇ? ಅವನ ಉತ್ಸಾಹಕ್ಕೆ ತಣ್ಣೀರೆರಚಲು ನನಗೆ ಮನಸ್ಸಿಲ್ಲ. ಆದರೆ ಅಡವಿಗೆ ಹೋಗುವುದು ಅಪ್ಪ ಕಟ್ಟಿಸಿದ ಮನೆ.

ಉತ್ತರ: ಅರ್ಥಶಾಸ್ತ್ರದ ಉಪನ್ಯಾಸಕಿ

ಖಂಡಿತ ಅನ್ವಯಿಸುತ್ತವೆ. ಈ ವಿಷಯದ ಬಹುಪಾಲು ಅಧ್ಯಯನಗಳು ನಡೆದಿರುವುದೇ ಸಣ್ಣ ಉದ್ಯಮಗಳ ಮೇಲೆ. ಅರ್ನಾಲ್ಡ್ ಕೂಪರ್ ಮತ್ತು ಸಂಗಡಿಗರು ಅಮೆರಿಕದ 2,994 ಉದ್ಯಮಿಗಳನ್ನು ವಿಚಾರಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಉದ್ಯಮ ಗೆಲ್ಲುವ ಸಾಧ್ಯತೆ ಹತ್ತಕ್ಕೆ ಏಳು ಅಥವಾ ಅದಕ್ಕಿಂತ ಹೆಚ್ಚು ಎಂದವರು ಶೇ. 81ರಷ್ಟಿದ್ದರು, ಹತ್ತಕ್ಕೆ ಹತ್ತು ಎಂದವರೇ ಶೇ. 33. ತಮ್ಮದರಂಥದೇ ಬೇರೆಯವರ ಉದ್ಯಮದ ಬಗ್ಗೆ ಕೇಳಿದಾಗ ಮಾತ್ರ ಹತ್ತಕ್ಕೆ ಏಳಾದರೂ ಕೊಟ್ಟವರು ಶೇ. 39ಕ್ಕೆ ಇಳಿದರು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಅದೇ ಅಧ್ಯಯನದ ಇನ್ನೊಂದು ಅಂಶ: ಸರಿಯಾಗಿ ಸಿದ್ಧತೆ ಮಾಡಿಕೊಂಡವರಿಗೂ ಮಾಡಿಕೊಳ್ಳದವರಿಗೂ ಇದ್ದ ಭರವಸೆ ಒಂದೇ ಮಟ್ಟದ್ದು. ಅಂದರೆ ನಿಮ್ಮ ತಮ್ಮ ಎಷ್ಟು ಗಟ್ಟಿಯಾಗಿ ಮಾತನಾಡುತ್ತಾರೆ ಎಂಬುದನ್ನು ನೋಡಿ ಅವರ ತಯಾರಿಯನ್ನು ಅಳೆಯಲಾಗದು.

1999ರಲ್ಲಿ ಕಾಲಿನ್ ಕ್ಯಾಮರರ್ ಮತ್ತು ಡಾನ್ ಲೊವಾಲೊ ಪ್ರಕಟಿಸಿದ ಪ್ರಯೋಗವೊಂದಿದೆ. ಸೀಮಿತ ಲಾಭವಿರುವ ಮಾರುಕಟ್ಟೆಯೊಂದಕ್ಕೆ ಇಳಿಯಬೇಕೇ ಬೇಡವೇ ಎಂಬುದನ್ನು ಭಾಗವಹಿಸಿದವರು ತೀರ್ಮಾನಿಸಬೇಕಿತ್ತು. ಲಾಭದ ಹಂಚಿಕೆ ಅದೃಷ್ಟದಿಂದ ನಿರ್ಧಾರವಾಗುತ್ತದೆ ಎಂದಾಗ ಇಳಿದವರಿಗಿಂತ, ಕೌಶಲದಿಂದ ನಿರ್ಧಾರವಾಗುತ್ತದೆ ಎಂದಾಗ ಇಳಿದವರು ಹೆಚ್ಚು. ಎಷ್ಟು ಮಂದಿ ಇಳಿಯಬಹುದೆಂದು ಊಹಿಸಲು ಅವರಿಗೆ ಬರುತ್ತಿತ್ತು. ಒಟ್ಟಾರೆ ನಷ್ಟವೇ ಆಗಬಹುದೆಂದು ಅಂದಾಜಿಸಿದ ಹಲವರು ಕೂಡ ತಮಗೆ ಮಾತ್ರ ಲಾಭ ಬರುತ್ತದೆ ಎಂದು ನಂಬಿದ್ದರು. ತಮ್ಮ ಎದುರಿಗೆ ನಿಂತವರೂ ಅಷ್ಟೇ ನಂಬಿಕೆಯಿಂದ ಬಂದವರು ಎಂಬುದು ಅವರ ಲೆಕ್ಕದಿಂದ ತಪ್ಪಿಹೋಗಿತ್ತು. ದಾವಣಗೆರೆಯಲ್ಲಿ ಈಗಾಗಲೇ ಗಾಣ ಹಾಕಿರುವವರೂ ತಮ್ಮ ಎಣ್ಣೆಯೇ ಶುದ್ಧ ಎಂಬ ಭರವಸೆಯಿಂದಲೇ ಹಾಕಿರುತ್ತಾರಲ್ಲವೇ?

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ

ಸಾಲ ವಿಭಾಗದಲ್ಲಿ ಬಹುಕಾಲ ದುಡಿದವನಾಗಿ ಹೇಳುತ್ತೇನೆ: ಅತಿವಿಶ್ವಾಸವನ್ನು ಮನುಷ್ಯನ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಪ್ರಾಜೆಕ್ಟ್ ರಿಪೋರ್ಟಿನ ಅಂಕಣಗಳಲ್ಲಿ ಹುಡುಕುವುದು ಸುಲಭ. ಮೊದಲ ವರ್ಷ ಯಂತ್ರದ ಸಾಮರ್ಥ್ಯದ ಶೇ. 60, ಎರಡನೆಯ ವರ್ಷ 70, ಮೂರನೆಯ ವರ್ಷ 80 ಎಂದು ಬರೆದಿರುತ್ತಾರೆ. ಆ ಅರವತ್ತು ಎಲ್ಲಿಂದ ಬಂತೆಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ.

ಗಾಣದ ಲೆಕ್ಕವನ್ನೇ ನೋಡಿ. ಒಂದು ಕೆ.ಜಿ. ಶೇಂಗಾ ಎಣ್ಣೆಗೆ ಸುಮಾರು ಎರಡೂವರೆ ಕೆ.ಜಿ. ಬೀಜ ಬೇಕು, ಆದ್ದರಿಂದ ಬೀಜದ ದರ ಕೆ.ಜಿ.ಗೆ ಹತ್ತು ರೂಪಾಯಿ ಏರಿದರೆ ಎಣ್ಣೆಯ ಅಸಲು ಇಪ್ಪತ್ತೈದು ರೂಪಾಯಿ ಏರುತ್ತದೆ. ಸುಗ್ಗಿಯಲ್ಲಿ ಕೊಂಡ ದರ ಮನಸ್ಸಿನಲ್ಲಿ ಒಮ್ಮೆ ನಿಂತುಬಿಟ್ಟರೆ ವರ್ಷಪೂರ್ತಿಯ ಲೆಕ್ಕವನ್ನು ಅದರ ಮೇಲೆಯೇ ಕಟ್ಟುತ್ತೇವೆ. ಮುಂಗಾರು ಕೈಕೊಟ್ಟ ವರ್ಷ ಆ ಲೆಕ್ಕ ನಿಲ್ಲುವುದಿಲ್ಲ. ಒಂದು ಅಂಗಡಿಗೆ ಸುಗ್ಗಿಯಲ್ಲೇ ಬೀಜ ಕೊಂಡಿಡಲು ಕೈಯಲ್ಲಿನ ಹಣ ಸಾಕಾಗಿರಬಹುದು, ನಾಲ್ಕಕ್ಕೆ ಸಾಕೇ?

ಇನ್ನೊಂದು ಮಾತು. ಹೋಲಿಸಿ ನೋಡಲು ನಿಮ್ಮವರು ದೂರ ಹೋಗಬೇಕಾಗಿಲ್ಲ. ಎಣ್ಣೆ ನಗರಿ ಎಂದು ಹೆಸರಾದ ಚಳ್ಳಕೆರೆಯಲ್ಲಿ, ಆಮದಾದ ಅಗ್ಗದ ತಾಳೆ ಎಣ್ಣೆ ಮಾರುಕಟ್ಟೆ ತುಂಬಿದ ಮೇಲೆ ಎಷ್ಟೋ ಗಿರಣಿಗಳು ಬಾಗಿಲು ಹಾಕಿದವು. ಆ ಮಾಲೀಕರಿಗೆ ಕಸುಬು ಗೊತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಗೆದ್ದವರ ಕತೆ ಎಲ್ಲ ಸಭೆಗಳಲ್ಲೂ ಕೇಳಿಸುತ್ತದೆ. 1981ರಲ್ಲಿ ಹತ್ತು ಸಾವಿರ ರೂಪಾಯಿಯಲ್ಲಿ ಆರಂಭವಾದ ಇನ್ಫೋಸಿಸ್ ನಮಗೆಲ್ಲ ಬಾಯಿಪಾಠ. ಆದರೆ ಮುಚ್ಚಿದ ಗಿರಣಿಯ ಮಾಲೀಕರನ್ನು ವೇದಿಕೆಗೆ ಕರೆಯುವವರಿಲ್ಲ. ನಿಮ್ಮ ತಮ್ಮ ಅಂಥ ಒಬ್ಬ ಹಿರಿಯರ ಬಳಿ ಕುಳಿತು, ಕಡೆಯ ಎರಡು ವರ್ಷ ಅವರು ಏನು ಲೆಕ್ಕ ಹಾಕಿಕೊಂಡು ಗಿರಣಿ ನಡೆಸಿದರು ಎಂದು ಕೇಳಲಿ.

ಉತ್ತರ: ಪೀಣ್ಯದ ಉದ್ಯಮಿ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪಲಾರೆ. ಮನೆಯವರ ಭಯವೂ ಒಂದು ಪೂರ್ವಗ್ರಹವೇ. ಸಿಗಬಹುದಾದ ಲಾಭಕ್ಕಿಂತ ಆಗಬಹುದಾದ ನಷ್ಟ ಮನಸ್ಸಿಗೆ ಹೆಚ್ಚು ಭಾರವೆನಿಸುತ್ತದೆ ಎಂದು ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್ಸ್ಕಿ 1979ರಲ್ಲೇ ತೋರಿಸಿದ್ದಾರೆ. ಸಾಧ್ಯತೆಗಳನ್ನೆಲ್ಲ ಅಳೆದು ತೂಗಿಯೇ ಹೆಜ್ಜೆಯಿಡುವುದಾಗಿದ್ದರೆ ನಿಮ್ಮ ತಮ್ಮ ಮೊದಲನೆಯ ಗಾಣವನ್ನೂ ಹಾಕುತ್ತಿರಲಿಲ್ಲ.

ನನ್ನ ಅನುಭವದಲ್ಲಿ ಅಪಾಯವಿರುವುದು ಆರಂಭಿಸುವುದರಲ್ಲಿ ಅಷ್ಟಾಗಿ ಅಲ್ಲ, ನಿಲ್ಲಿಸಲಾಗದಿರುವುದರಲ್ಲಿ. ಕೆನಡಾದಲ್ಲಿ ಸಂಶೋಧಕರ ಹೊಸ ಆವಿಷ್ಕಾರಗಳನ್ನು ಪರಿಶೀಲಿಸಿ ಅಂಕ ಕೊಡುವ ಯೋಜನೆಯೊಂದಿತ್ತು. ಥಾಮಸ್ ಆಸ್ಟೆಬ್ರೊ ನಡೆಸಿದ ಅಧ್ಯಯನದ ಪ್ರಕಾರ, ಇದು ಗೆಲ್ಲುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮುಂದುವರಿದೇ ಮುಂದುವರಿದರು. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿ 2012ರಲ್ಲಿ ನಿಲ್ಲುವವರೆಗೆ ಒಂದು ವರ್ಷವೂ ಲಾಭ ಕಾಣಲಿಲ್ಲ. ಅದರ ನಡುವೆಯೇ ಏರ್ ಡೆಕ್ಕನ್ ಅನ್ನು ತನ್ನೊಳಗೆ ಸೇರಿಸಿಕೊಂಡಿತು. ಹಾಕಿದ ದುಡ್ಡು ಇನ್ನಷ್ಟು ದುಡ್ಡನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಮೂರರ ಬದಲು ಒಂದೇ ಅಂಗಡಿ, ಅದೂ ಅವರೇ ನಿತ್ಯ ಹೋಗಿಬರಬಹುದಾದ ಚಿತ್ರದುರ್ಗ ಅಥವಾ ಹಿರಿಯೂರಿನಲ್ಲಿ ಆಗಲಿ.

ಮರುಪ್ರಶ್ನೆ: ಬಯಲುಸೀಮೆಯವ

ಮೂವರಿಗೂ ಧನ್ಯವಾದ. ನಾನು ಬೇಡವೆಂದರೆ ಅವನು ಹಠ ಹಿಡಿಯುತ್ತಾನೆ. ಈ ಮಾತನ್ನು ಅವನ ಮುಂದೆ ಇಡುವುದು ಹೇಗೆ?

ಉತ್ತರ: ಅರ್ಥಶಾಸ್ತ್ರದ ಉಪನ್ಯಾಸಕಿ

ಬೇಡವೆನ್ನಬೇಡಿ, ಕೆಲಸ ಕೊಡಿ. ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿ ಸೂಚಿಸಿದ ವಿಧಾನ ಇಂಥ ಸಂದರ್ಭಕ್ಕೆ ಚೆನ್ನಾಗಿ ಒದಗುತ್ತದೆ: ಎರಡು ವರ್ಷದ ನಂತರ ಹೊಸ ಅಂಗಡಿ ಮುಚ್ಚಿದೆ ಎಂದೇ ಇಟ್ಟುಕೊಂಡು, ಯಾಕೆ ಮುಚ್ಚಿತು ಎಂಬುದನ್ನು ನೀವು, ಅವರು, ಗಾಣದಲ್ಲಿ ಕೆಲಸ ಮಾಡುವ ಹುಡುಗರು ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಗಿರಾಕಿಗಳು ಬರುತ್ತಿದ್ದುದು ಎಣ್ಣೆಗೋ, ಅಥವಾ ಕಣ್ಣೆದುರೇ ಬೀಜ ಸುರಿದು ಅರೆದುಕೊಡುತ್ತಿದ್ದ ನಿಮ್ಮ ತಮ್ಮನ ಮೇಲಿನ ನಂಬಿಕೆಗೋ ಎಂಬ ಪ್ರಶ್ನೆ ಆ ಹಾಳೆಗಳಲ್ಲಿ ಬಂದೇ ಬರುತ್ತದೆ ಎಂದು ನನಗನ್ನಿಸುತ್ತದೆ. ಜೊತೆಗೆ, ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲೇ, ತಿಂಗಳ ಮಾರಾಟ ಎಷ್ಟಕ್ಕಿಂತ ಕೆಳಗೆ ಎಷ್ಟು ತಿಂಗಳು ಉಳಿದರೆ ಅಂಗಡಿ ಮುಚ್ಚುವುದು ಎಂದು ಅವರ ಕೈಯಲ್ಲೇ ಬರೆಸಿ, ಒಂದು ಪ್ರತಿಯನ್ನು ನೀವು ಇಟ್ಟುಕೊಳ್ಳಿ.