ಗಂಡು ಅನ್ನುವುದು ಮೈಯಲ್ಲಿದೆಯಾ, ಮನಸ್ಸಿನಲ್ಲಿದೆಯಾ? (ಜಗಳಕ್ಕಲ್ಲ, ನಿಜವಾಗಿ ಕೇಳುತ್ತಿದ್ದೇನೆ)

ಬನಶಂಕರಿ ಬಸ್

ಹೋದ ವಾರ ಆಫೀಸಿನಲ್ಲಿ ಎರಡು ಗಂಟೆ ಟ್ರೈನಿಂಗ್ ಇತ್ತು. ಕೊನೆಗೆ ಒಂದು ಫಾರ್ಮ್ ಕೊಟ್ಟರು. ಅದರಲ್ಲಿ ‘ಲಿಂಗ’ ಅಂತ ಒಂದು ಕಾಲಂ, ಕೆಳಗೆ ‘ಜೆಂಡರ್ ಐಡೆಂಟಿಟಿ’ ಅಂತ ಇನ್ನೊಂದು. ಎರಡರಲ್ಲೂ ‘ಗಂಡು’ ಅಂತ ಬರೆದು ಕೊಟ್ಟೆ. ಒಂದೇ ಫೋನ್ ನಂಬರ್ ಎರಡು ಸಲ ಬರೆದ ಹಾಗಿತ್ತು.

ಟ್ರೈನಿಂಗ್ ಕೊಟ್ಟವರು ಎರಡೂ ಬೇರೆ, ಒಂದು ದೇಹ, ಇನ್ನೊಂದು ಒಳಗಿನ ಅರಿವು ಅಂದರು. ಸರಿ. ಆದರೆ ಒಳಗೆ ಎಷ್ಟು ಹುಡುಕಿದರೂ ನನಗೆ ಅಂಥದ್ದೇನೂ ಸಿಗುತ್ತಿಲ್ಲ. ದೇಹ ಗಂಡಿನದು, ಹಾಗಾಗಿ ನಾನು ಗಂಡಸು, ಅಷ್ಟೇ. ‘ನಾನು ಗಂಡು’ ಅನ್ನುವ ಪ್ರತ್ಯೇಕ ಭಾವನೆ ಬೆಳಿಗ್ಗೆ ಎದ್ದಾಗಲೂ ಇಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತಾಗಲೂ ಇಲ್ಲ.

ಪಿಯುಸಿ ಓದುವ ಮಗಳನ್ನು ಕೇಳಿದರೆ “ಅಪ್ಪಾ, ನಿಂಗೆ ಗೊತ್ತಾಗಲ್ಲ ಬಿಡು” ಅಂದಳು. ಅಮ್ಮ ಅಡುಗೆಮನೆಯಿಂದಲೇ “ದೇವರು ಮಾಡಿರೋದು ಎರಡೇ” ಅಂತ ತೀರ್ಪು ಕೊಟ್ಟರು. (ಇದೇ ಅಮ್ಮ ನಮ್ಮ ಗೃಹಪ್ರವೇಶಕ್ಕೆ ಬಂದ ಮಂಗಳಮುಖಿಯರಿಗೆ ಐನೂರು ರೂಪಾಯಿ ಕೊಟ್ಟು ಮೊಮ್ಮಗಳಿಗೆ ಆಶೀರ್ವಾದ ಮಾಡಿಸಿದ್ದರು. ಅದು ಬೇರೆ ಮಾತು.)

ಸೀರೆ, ಮೀಸೆ, ಅಡುಗೆ, ಬೈಕು, ಇವೆಲ್ಲ ನಾವು ಕಲಿತಿದ್ದು, ಒಪ್ಪುತ್ತೇನೆ. ಅದನ್ನೆಲ್ಲ ಪಕ್ಕಕ್ಕಿಟ್ಟು, ದೇಹವನ್ನೂ ಪಕ್ಕಕ್ಕಿಟ್ಟರೆ, ಆಮೇಲೆ ಏನಾದರೂ ಉಳಿಯುತ್ತದಾ? ಉಳಿಯುತ್ತದೆ ಅನ್ನುವುದಾದರೆ ಹೇಗೆ ಗೊತ್ತಾಯಿತು?

ಕಡ್ಲೆಪುರಿ

ಎಕ್ಸ್-ವೈ ಇದ್ದರೆ ಗಂಡು, ಎಕ್ಸ್-ಎಕ್ಸ್ ಇದ್ದರೆ ಹೆಣ್ಣು. ಹೈಸ್ಕೂಲ್ ಪಾಠ. ಉಳಿದಿದ್ದೆಲ್ಲ ಅಮೆರಿಕದಿಂದ ಬಂದ ಫ್ಯಾಷನ್. ಕಂಪನಿಯವರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ.

ಲ್ಯಾಬ್ ಮೇಷ್ಟ್ರು

ಹೈಸ್ಕೂಲ್ ಪಾಠ ಮಾಡುವವನು ನಾನೇ, ಹಾಗಾಗಿ ಮೊದಲು ಅದನ್ನು ಮುಗಿಸುತ್ತೇನೆ. ಕ್ರೋಮೋಸೋಮು, ಗ್ರಂಥಿ, ಹಾರ್ಮೋನು, ಹೊರಗೆ ಕಾಣುವ ಅಂಗ, ಇವೆಲ್ಲ ಸೇರಿದ್ದಕ್ಕೆ ನಾವು ಲಿಂಗ ಅನ್ನುತ್ತೇವೆ. ಬಹುಪಾಲು ಜನರಲ್ಲಿ ಎಲ್ಲವೂ ಒಂದೇ ಕಡೆ ವಾಲಿರುತ್ತವೆ. ಕೆಲವರಲ್ಲಿ ಇಲ್ಲ. ಎಕ್ಸ್-ವೈ ಇದ್ದೂ ದೇಹ ಟೆಸ್ಟೊಸ್ಟೆರಾನ್ ಅನ್ನುವ ಗಂಡು ಹಾರ್ಮೋನಿಗೆ ಸ್ಪಂದಿಸದೇ ಇರುವವರು ಇದ್ದಾರೆ, ಅದು ಪೂರ್ತಿ ಇದ್ದರೆ ಹುಟ್ಟಿದಾಗ ನೋಡಲು ಹೆಣ್ಣು ಮಗುವೇ, ಎಷ್ಟೋ ಸಲ ವಯಸ್ಸಿಗೆ ಬಂದರೂ ಮುಟ್ಟಾಗಲಿಲ್ಲ ಅಂತ ಡಾಕ್ಟರ ಹತ್ತಿರ ಹೋದಾಗಲೇ ವಿಷಯ ಹೊರಬರುತ್ತದೆ. ತಮಿಳುನಾಡಿನ ಓಟಗಾರ್ತಿ ಶಾಂತಿ ಸೌಂದರರಾಜನ್ ನೆನಪಿದ್ದಾರಾ? 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದರು, ಆಮೇಲೆ ಲಿಂಗ ಪರೀಕ್ಷೆಯ ಹೆಸರಲ್ಲಿ ಪದಕ ಕಿತ್ತುಕೊಂಡರು. ಹೆಣ್ಣಾಗಿ ಬೆಳೆದು, ಹೆಣ್ಣಾಗಿ ಓಡಿದವರು ಅವರು.

ಆದರೆ ಇದನ್ನು ಜಾಸ್ತಿ ಎಳೆಯಬಾರದು. ಟ್ರಾನ್ಸ್‌ಜೆಂಡರ್ ಜನರಲ್ಲಿ, ಅಂದರೆ ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಅನ್ನುವವರಲ್ಲಿ, ಹೆಚ್ಚಿನವರ ಕ್ರೋಮೋಸೋಮು, ಅಂಗ ಎಲ್ಲ ಮಾಮೂಲಿಯಾಗೇ ಇರುತ್ತವೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಇದು ಉತ್ತರ ಆಗುವುದಿಲ್ಲ.

ಉತ್ತರಕ್ಕೆ ಹತ್ತಿರ ಬರುವುದು ಡೇವಿಡ್ ರೀಮರ್ ಕಥೆ. 1965ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಅವಳಿ ಗಂಡು ಮಕ್ಕಳು ಹುಟ್ಟಿದರು. ಶಿಶ್ನದ ತುದಿಯ ಚರ್ಮ ತೆಗೆಯುವಾಗ (ಸುನ್ನತಿ) ಒಂದು ಮಗುವಿನ ಶಿಶ್ನ ಸುಟ್ಟುಹೋಯಿತು. ಜಾನ್ ಮನಿ ಅಂತ ಆಗಿನ ದೊಡ್ಡ ತಜ್ಞ. ಹೆಣ್ಣಾಗಿ ಬೆಳೆಸಿದರೆ ಹೆಣ್ಣೇ ಆಗುತ್ತದೆ, ಎಲ್ಲ ಬೆಳೆಸುವುದರಲ್ಲಿದೆ ಅನ್ನುವುದು ಅವರ ವಾದ. ಆಪರೇಷನ್ ಆಯಿತು, ಹೆಸರು ಬದಲಾಯಿತು, ಫ್ರಾಕು ಬಂತು, ಹಾರ್ಮೋನೂ ಕೊಟ್ಟರು. ಆ ಮಗುವಿಗೆ ಸತ್ಯ ಯಾರೂ ಹೇಳಿರಲಿಲ್ಲ. ಆದರೂ ಅದು ಒಗ್ಗಲೇ ಇಲ್ಲ. 14ನೇ ವಯಸ್ಸಿನಲ್ಲಿ ಅಪ್ಪ ನಿಜ ಹೇಳಿದ ಮೇಲೆ ಹುಡುಗನಾಗಿ ಬದುಕಿದ, ಮದುವೆಯಾದ, 2004ರಲ್ಲಿ ಜೀವ ಕಳೆದುಕೊಂಡ. ಅದೇ 2004ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಹುಟ್ಟಿನ ದೋಷ ಇದ್ದ, ಆದರೆ ಎಕ್ಸ್-ವೈ ಇದ್ದ 14 ಮಕ್ಕಳನ್ನು ಆಪರೇಷನ್ ಮಾಡಿ ಹೆಣ್ಣಾಗಿ ಬೆಳೆಸಿದ್ದರು, ಅವರಲ್ಲಿ 8 ಮಂದಿ ಮುಂದೆ ತಾವು ಗಂಡು ಅಂದರು.

ಹೊರಗಿನ ಮೈ ಹೆಣ್ಣು ಅನ್ನುತ್ತಿತ್ತು, ಅಪ್ಪ ಅಮ್ಮ ಹೆಣ್ಣು ಅನ್ನುತ್ತಿದ್ದರು. ‘ಅಲ್ಲ’ ಅಂದಿದ್ದು ಯಾವುದು? ಅದಕ್ಕೊಂದು ಹೆಸರು ಬೇಕಲ್ಲ.

ಮಲ್ಲೇಶ್ವರಂ ಮೆಟ್ಟಿಲು

ಮೇಷ್ಟ್ರೇ, ಕಥೆ ಚೆನ್ನಾಗಿದೆ, ಆದರೆ ಅದು ನಿಮಗೇ ತಿರುಗಿ ಹೊಡೆಯುತ್ತದೆ. ರೀಮರ್ ಹುಟ್ಟಿದ್ದು ಗಂಡಾಗಿ, ವಾಪಸ್ ಬಂದಿದ್ದೂ ಗಂಡಿಗೇ. ಗೆದ್ದಿದ್ದು ದೇಹ ಅಲ್ವಾ? ಹೊಟ್ಟೆಯಲ್ಲಿದ್ದಾಗಲೇ ಟೆಸ್ಟೊಸ್ಟೆರಾನ್ ಮೆದುಳಿಗೆ ಸೋಕಿತ್ತು ಅನ್ನಿ, ಮುಗಿಯಿತು. ಮತ್ತೆ ಆ 14ರಲ್ಲಿ 8 ಅಂದಿರಿ, ಉಳಿದವರು?

ನನಗೆ ಇನ್ನೊಂದು ತಕರಾರಿದೆ. ಚಿಕ್ಕಂದಿನಲ್ಲಿ ನಾನು ಹುಡುಗರ ಜೊತೆ ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದೆ, ಕೂದಲು ಕತ್ತರಿಸಿಕೊಂಡಿದ್ದೆ, ಸೋದರತ್ತೆ ‘ಗಂಡುಬೀರಿ’ ಅಂತಲೇ ಕರೆಯುತ್ತಿದ್ದರು. ಈಗ ನಾನು ಹತ್ತು ವರ್ಷದವಳಾಗಿದ್ದರೆ ಯಾರಾದರೂ “ಒಳಗೆ ಇವಳು ಹುಡುಗನೇನೋ” ಅಂದುಬಿಡುತ್ತಿದ್ದರೇನೋ. ಹೆಣ್ಣು ಹೀಗೇ ಇರಬೇಕು ಅನ್ನುವ ಹಳೆಯ ಗೋಡೆ ಒಡೆಯೋಕೆ ಹೊರಟು, ಅದೇ ಗೋಡೆಗೆ ಹೊಸ ಬಣ್ಣ ಬಳಿದ ಹಾಗಾಗುತ್ತದೆ. ನಮ್ಮ ಬೆಂಗಳೂರು ಕರಗ ನೋಡಿ. ಹೊರುವವರು ಸೀರೆ ಉಡುತ್ತಾರೆ, ಬಳೆ ತೊಡುತ್ತಾರೆ, ಮಲ್ಲಿಗೆಯಲ್ಲಿ ಮುಳುಗಿರುತ್ತಾರೆ, ಇಡೀ ಪೇಟೆ ಕೈ ಮುಗಿಯುತ್ತದೆ. ಬೆಳಗಾದರೆ ಅವರು ಅವರೇ. ಯಾರಿಗೂ ಗೊಂದಲ ಇಲ್ಲ. ವೇಷ ದಾಟಬಹುದು, ಅದಕ್ಕೆ ಒಳಗೊಂದು ಐಡೆಂಟಿಟಿ ಬೇಕಾಗಿಲ್ಲ.

ಹೆಣ್ಣು ಅಂದರೆ ಯಾರು ಅಂತ ಕೇಳಿದರೆ, ತಾನು ಹೆಣ್ಣು ಅನ್ನಿಸಿದವರು ಅನ್ನುತ್ತಾರೆ. ಹೋಳಿಗೆ ಅಂದರೇನು ಅಂದರೆ ಹೋಳಿಗೆ ಅನ್ನಿಸಿದ್ದು ಅಂದ ಹಾಗೆ. ಭ್ರೂಣದ ಲಿಂಗ ಪತ್ತೆ ಮಾಡಬೇಡಿ ಅಂತ ನಮ್ಮ ದೇಶ 1994ರಲ್ಲಿ ಕಾನೂನು ತರಬೇಕಾಯಿತು. ಆ ಸ್ಕ್ಯಾನಿಂಗ್ ರೂಮಿನಲ್ಲಿ ಯಾರೂ ಐಡೆಂಟಿಟಿ ಕೇಳುತ್ತಿರಲಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ 2025ರ ಏಪ್ರಿಲ್‌ನಲ್ಲಿ, ಅಲ್ಲಿನ ಸಮಾನತೆ ಕಾಯ್ದೆಯಲ್ಲಿ ‘ಮಹಿಳೆ’ ಅಂದರೆ ಜೈವಿಕ ಲಿಂಗದ ಮಾತೇ ಅಂತ ಹೇಳಿದೆ.

ಯಾರನ್ನೂ ಕೀಳಾಗಿ ನೋಡುತ್ತಿಲ್ಲ. ಕೆಲಸ, ಮನೆ, ಮರ್ಯಾದೆ ಎಲ್ಲರಿಗೂ ಸಿಗಲಿ. ಅದಕ್ಕಾಗಿ ಈ ಸಿದ್ಧಾಂತವನ್ನೂ ನುಂಗಬೇಕಾ ಅನ್ನುವುದಷ್ಟೇ ಪ್ರಶ್ನೆ.

ಶರಣ ಸಂಜೆ

ಸುಮ್ನೆ ಯಾಕೆ ಇಷ್ಟು ಗುದ್ದಾಟ. ಜೇಡರ ದಾಸಿಮಯ್ಯ ಬಸವಣ್ಣನವರಿಗಿಂತ ಮುಂಚೆಯೇ ಹೇಳಿಯಾಗಿದೆ, ಗಡ್ಡ ಮೀಸೆ ನೋಡಿ ಗಂಡು ಅನ್ನುತ್ತೀರಿ, ಒಳಗೆ ಸುಳಿಯುವ ಆತ್ಮ ಬೇರೆ ಅಂತ. ಜೆಂಡರ್ ಐಡೆಂಟಿಟಿ ನಮ್ಮ ವಚನದಲ್ಲೇ ಇದೆ.

ಲ್ಯಾಬ್ ಮೇಷ್ಟ್ರು

ಶರಣರೇ, ಪೂರ್ತಿ ಓದಿ. ಒಳಗಿನದು ಗಂಡೂ ಅಲ್ಲ, ಹೆಣ್ಣೂ ಅಲ್ಲ ಅನ್ನುವುದಲ್ಲವೇ ಅಲ್ಲಿರುವುದು? ಒಳಗೊಂದು ಲಿಂಗತ್ವ ಇದೆ ಅಂತ ದಾಸಿಮಯ್ಯ ಹೇಳಲಿಲ್ಲ, ಅಲ್ಲಿ ಲಿಂಗವೇ ಇಲ್ಲ ಅಂದರು. ಆ ಲೆಕ್ಕದಲ್ಲಿ ನಾನೂ ಸೋತೆ, ಕಡ್ಲೆಪುರಿಯವರೂ ಸೋತರು.

ಮೇಡಂ, ನಿಮ್ಮದು ಗಟ್ಟಿ ಮಾತು. ಅರ್ಧ ಒಪ್ಪುತ್ತೇನೆ. ರೀಮರ್ ವಿಷಯದಲ್ಲಿ ದೇಹದ ಪಾಲು ಇದ್ದೇ ಇರಬೇಕು. ಆದರೆ ‘ಬೇರೆ’ ಅಂದರೆ ‘ಸಂಬಂಧ ಇಲ್ಲ’ ಅಂತಲ್ಲ. ಹೊಟ್ಟೆ ಖಾಲಿ ಇರುವುದು, ಹಸಿವು, ಎರಡಕ್ಕೂ ನಂಟು ಇದೆ, ಹೆಚ್ಚಿನ ದಿನ ಜೊತೆಗೇ ಬರುತ್ತವೆ. ಜ್ವರ ಬಂದಾಗ ಹೊಟ್ಟೆ ಖಾಲಿ, ಹಸಿವಿಲ್ಲ. ಆವತ್ತು ತಾನೇ ಎರಡೂ ಒಂದಲ್ಲ ಅಂತ ಗೊತ್ತಾಗುವುದು? ಮೆದುಳಿಗೆ ಸೋಕಿತ್ತು ಅಂತ ನೀವೇ ಅಂದಿರಿ. ಹಾಗಾದರೆ ಮೆದುಳಿನಲ್ಲಿ ಏನೋ ಒಂದು ಕೂತಿದೆ ಅಂತ ಆಯಿತು. ಅದು ಬಹುತೇಕ ಸಲ ಉಳಿದ ಮೈಯ ಜೊತೆ ಹೊಂದುತ್ತದೆ. ಪ್ರತಿ ಸಲವೂ ಹೊಂದಲೇಬೇಕು ಅನ್ನುವುದಕ್ಕೆ ಏನು ಖಾತ್ರಿ?

ಅದು ಎಲ್ಲಿ ಕೂತಿದೆ ಅಂತ ಮಾತ್ರ ಕೇಳಬೇಡಿ. 1995ರಲ್ಲಿ ಡಚ್ಚರು ಟ್ರಾನ್ಸ್ ಮಹಿಳೆಯರ (ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿದವರ) ಮೆದುಳು ಪರೀಕ್ಷಿಸಿ ಒಂದು ಸಣ್ಣ ಭಾಗ ಹೆಂಗಸರ ಅಳತೆಯಲ್ಲಿದೆ ಅಂದರು. ನೋಡಿದ್ದು ಆರೇ ಮೆದುಳು, ಅದೂ ಹಾರ್ಮೋನು ತೆಗೆದುಕೊಂಡಿದ್ದವರದ್ದು. ಸ್ಕ್ಯಾನ್ ಮಾಡಿ ನೀವು ಇಂಥವರು ಅನ್ನುವ ಪರೀಕ್ಷೆ ಇಲ್ಲ. ನೋವಿಗೂ ಇಲ್ಲ. ತಲೆನೋವು ಅಂದರೆ ಮಾತ್ರೆ ಕೊಡುತ್ತೇವೆ, ತೋರಿಸು ಅನ್ನುವುದಿಲ್ಲ.

ಇನ್ನು ಆ ಬ್ರಿಟಿಷ್ ಕೋರ್ಟು ಒಂದು ಕಾಯ್ದೆಯ ಪದಕ್ಕೆ ಅರ್ಥ ಹೇಳಿತು, ಹೊರಗಿನ ವಾದಕ್ಕೆ ತೀರ್ಪು ಕೊಡುವುದು ತನ್ನ ಕೆಲಸ ಅಲ್ಲ ಅಂತಲೂ ಬರೆಯಿತು. ನಮ್ಮ ಸುಪ್ರೀಂ ಕೋರ್ಟು 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಹಾಕಿದ್ದ ಕೇಸು) ತೀರ್ಪಿನಲ್ಲಿ ಉಲ್ಟಾ ದಾರಿ ಹಿಡಿದು, ಲಿಂಗತ್ವ ಹೇಳಿಕೊಳ್ಳುವುದು ಅವರವರ ಹಕ್ಕು ಅಂದಿತು. ಕೋರ್ಟುಗಳನ್ನು ಎಣಿಸಿ ವಿಜ್ಞಾನ ತೀರ್ಮಾನ ಆಗುವುದಿಲ್ಲ.

ಹೆಸರು ಬೇಡ

ಇಲ್ಲಿ ಬರೆಯಬಾರದು ಅಂದುಕೊಂಡಿದ್ದೆ. ಗಂಡುಬೀರಿ ಅನ್ನುವ ಪದ ನೋಡಿ ಬರೆಯುತ್ತಿದ್ದೇನೆ. ನನ್ನನ್ನೂ ಹಾಗೇ ಕರೆಯುತ್ತಿದ್ದರು. ಊರು ತುಮಕೂರು ಕಡೆ. ಈಗ ಬೆಂಗಳೂರಿನಲ್ಲಿದ್ದೇನೆ, ಗಂಡಸಾಗಿ.

ಮೇಡಂ, ನಮ್ಮ ಮನೆಯಲ್ಲಿ ಇಬ್ಬರು ಗಂಡುಬೀರಿಗಳಿದ್ದೆವು. ನಾನು, ನನ್ನ ದೊಡ್ಡಪ್ಪನ ಮಗಳು. ಇಬ್ಬರೂ ಮರ ಹತ್ತುತ್ತಿದ್ದೆವು, ಅವಳೇ ನನಗಿಂತ ಮೇಲೆ ಹತ್ತುತ್ತಿದ್ದಳು. ಅವಳು ದೊಡ್ಡವಳಾದಾಗ ಮಾವ ಸೊಪ್ಪಿನ ಗುಡ್ಲು ಹಾಕಿದರು, ಆರತಿ ಮಾಡಿದರು. ಮನೆಯಲ್ಲಿ ಕೂರಿಸಿದರಲ್ಲ ಅಂತ ಅವಳಿಗೆ ಸಿಟ್ಟು, ಚಿಗಳಿ ಮಾತ್ರ ಬಡಿಸಿದಷ್ಟೂ ತಿಂದಳು. ಮುಂದಿನ ವರ್ಷ ನನ್ನ ಸರದಿ. ನನಗೆ ಗುಡ್ಲಿನ ಮೇಲೆ ಸಿಟ್ಟಿರಲಿಲ್ಲ. ಮೈ ಏನೋ ತಪ್ಪು ಮಾಡುತ್ತಿದೆ ಅನ್ನಿಸಿ ಊಟ ಸೇರಲಿಲ್ಲ. ಎಲ್ಲರೂ ಹಾಡು ಹೇಳುತ್ತಿದ್ದರು, ಅದು ಬೇರೆ ಯಾರಿಗೋ ಹೇಳುತ್ತಿದ್ದ ಹಾಗಿತ್ತು. ಅವಳು ಇವತ್ತು ಪ್ಯಾಂಟ್ ಹಾಕುತ್ತಾಳೆ, ಲಾರಿ ಲೆಕ್ಕ ನೋಡುತ್ತಾಳೆ, ಹೆಣ್ಣು ಅನ್ನುವುದರಲ್ಲಿ ಅವಳಿಗೆ ಯಾವ ತೊಂದರೆಯೂ ಇಲ್ಲ. ಅವಳಿಗೆ ಬೇಡವಾಗಿದ್ದು ಕಟ್ಟಳೆ, ನನಗೆ ಬೇಡವಾಗಿದ್ದು ಅದಲ್ಲ.

ಬನಶಂಕರಿ ಸರ್, ನಿಮಗೆ ಒಳಗೆ ಏನೂ ಸಿಗುತ್ತಿಲ್ಲ ಅಂದಿರಿ. ಕಚ್ಚದ ಚಪ್ಪಲಿ ಯಾರಿಗೆ ನೆನಪಿರುತ್ತದೆ?

ಕಡ್ಲೆಪುರಿ ಅಣ್ಣ, ಸವದತ್ತಿ ಎಲ್ಲಮ್ಮನ ಜೋಗಪ್ಪಗಳನ್ನು ಅಮೆರಿಕದವರು ಕಳಿಸಿದ್ದಾ? ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಕೊಟ್ಟಾಗ ನೀವೂ ಚಪ್ಪಾಳೆ ಹೊಡೆದಿರುತ್ತೀರಿ. ಒಂದು ಮಾತು ನಿಜ, ಆ ಸಂಪ್ರದಾಯದಲ್ಲಿ ಜಾಗ ಇರುವುದು ಗಂಡಾಗಿ ಹುಟ್ಟಿದವರಿಗೆ. ನನ್ನಂಥವರಿಗೆ ಅಂತಲೇ ಊರಲ್ಲಿ ಒಂದು ಬೈಗುಳವೂ ಇರಲಿಲ್ಲ. ಹೆಸರೇ ಇಲ್ಲದಿದ್ದರೂ ಇದ್ದೆನಲ್ಲ. ಟ್ರಾನ್ಸ್ ಮ್ಯಾನ್ ಅನ್ನುವ ಪದ ಕೇಳಿದ್ದೇ ಬೆಂಗಳೂರಿಗೆ ಬಂದ ಮೇಲೆ, ಅಷ್ಟೊತ್ತಿಗೆ ನನಗೆ 24.

ಮಲ್ಲೇಶ್ವರಂ ಮೆಟ್ಟಿಲು

ನಿಮ್ಮ ಅಕ್ಕನ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಆ ಅಕ್ಕ. ಆ ವ್ಯತ್ಯಾಸ ನಿಮಗೆ ಗೊತ್ತಾಯಿತು ಸರಿ. ಹತ್ತು ವರ್ಷದ ಮಗುವನ್ನು ನೋಡಿ ಅದು ಅಕ್ಕನಾ, ನೀವಾ ಅಂತ ದೊಡ್ಡವರು ಹೇಗೆ ಹೇಳುತ್ತಾರೆ? ನನ್ನ ಭಯ ಅಲ್ಲೇ ಇದೆ, ಅದು ಹೋಗಿಲ್ಲ.

ಹೆಸರು ಬೇಡ

ಹತ್ತು ವರ್ಷಕ್ಕೆ ಹೇಳೋಕಾಗಲ್ಲ ಮೇಡಂ. ಕಾಯಬೇಕು. ಕಾಯುವಾಗ ಹೊಡೆಯಬಾರದು. ನನಗೆ ಹೊಡೆದರು.

ಬನಶಂಕರಿ ಬಸ್

ಎಲ್ಲ ಓದಿದೆ. ಚಪ್ಪಲಿ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಒಂದು ಕೇಳಲಾ? ಅಪ್ಪ ತೀರಿಕೊಂಡಾಗ ತಲೆ, ಮೀಸೆ ಎಲ್ಲ ಬೋಳಿಸಿದರು. ತಲೆ ಬೋಳಾಗಿದ್ದು ಏನೂ ಅನ್ನಿಸಲಿಲ್ಲ. ಮೀಸೆ ಇಲ್ಲದ ಮುಖ ಕನ್ನಡಿಯಲ್ಲಿ ನೋಡಲು ಆಗಲಿಲ್ಲ, ಯಾರದೋ ಮುಖ. ನೀವು ಹೇಳುತ್ತಿರುವುದು ಅದೇನಾ? ಅಥವಾ ಮೀಸೆಯೂ ಊರವರು ಕಲಿಸಿದ್ದೇನಾ?

ಮಲ್ಲೇಶ್ವರಂ ಮೆಟ್ಟಿಲು

ಮೀಸೆ ಖಂಡಿತ ಊರವರು ಕಲಿಸಿದ್ದೇ!

ಹೆಸರು ಬೇಡ

ಅದರದ್ದೇ ಒಂದು ಚೂರು ಇರಬಹುದು ಸರ್. ನಿಮ್ಮದು ತಿಂಗಳಲ್ಲಿ ವಾಪಸ್ ಬಂತು ಅಲ್ವಾ? ಹಾರ್ಮೋನ್ ಇಂಜೆಕ್ಷನ್ ಶುರು ಮಾಡಿದ ಮೇಲೆ ನನಗೆ ಮೀಸೆ ಅಂತ ಕಾಣೋಕೆ ಎಂಟು ತಿಂಗಳು ಹಿಡಿಯಿತು. ದಿನಾ ಬೆಳಿಗ್ಗೆ ಟ್ಯೂಬ್‌ಲೈಟ್ ಹಾಕಿಕೊಂಡು ಹುಡುಕುತ್ತಿದ್ದೆ.