ಪದಚರ್ಚೆ: ‘ಭೂಗತ ಚಿತ್ರಕಥೆ’ ಎಂದರೆ ನಿಮಗೆ ಏನು ಹೊಳೆಯುತ್ತದೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಉಡುಪಿಯ ನಮ್ಮ ಪುಟ್ಟ ಓದುಕೂಟದಲ್ಲಿ ಮುಂದಿನ ತಿಂಗಳು ಅಮೆರಿಕದ ‘ಅಂಡರ್‌ಗ್ರೌಂಡ್ ಕಾಮಿಕ್ಸ್’, ಅಂದರೆ ಪ್ರಕಾಶಕರ ಕಟ್ಟುಪಾಡಿಗೆ ಸೊಪ್ಪು ಹಾಕದ ಚಿತ್ರಪುಸ್ತಕಗಳ ಕುರಿತು ಮಾತುಕತೆಯಿದೆ. ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ಭೂಗತ ಚಿತ್ರಕಥೆಗಳು’ ಎಂದು ಬರೆದು ಪ್ರೆಸ್ಸಿಗೆ ಕೊಟ್ಟೆ. ಅಕ್ಷರ ಜೋಡಿಸುತ್ತಿದ್ದ ಹುಡುಗ ತಲೆಯೆತ್ತಿ, “ರೌಡಿಗಳ ಸಿನಿಮಾವೇ ಸಾರ್? ಶೂಟಿಂಗ್ ಯಾವಾಗ?” ಎಂದು ಕೇಳಿದ. ತಪ್ಪು ಅವನದಲ್ಲ. ‘ಚಿತ್ರಕಥೆ’ಯನ್ನು ಸಿನಿಮಾದವರು ಕಥೆಗೂ ಸಂಭಾಷಣೆಗೂ ನಡುವೆ ಕೂರಿಸಿಕೊಂಡು ಎಷ್ಟೋ ಕಾಲವಾಯಿತು. ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದ್ದರೆ ಅದಕ್ಕೆ ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ‘ಅಮರ ಚಿತ್ರಕಥೆ’ಯೇ ಕಾರಣ. ಆದರೆ ಆ ಹೆಸರಿನ ಹಿಂದೆಯೇ ಪುರಾಣಪುರುಷರು ಬಂದು ನಿಲ್ಲುತ್ತಾರೆ. ನನಗೆ ಬೇಕಾಗಿರುವುದು ಪುಂಡು ಪುಸ್ತಕಗಳು.

‘ಭೂಗತ’ದ ಪಾಡು ಇನ್ನೊಂದು. ತುರ್ತು ಪರಿಸ್ಥಿತಿಯಲ್ಲಿ ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದರು ಎಂದು ನನ್ನ ದೊಡ್ಡಪ್ಪ ಹೇಳುವಾಗ ದನಿಯಲ್ಲಿ ಹೆಮ್ಮೆ ಇರುತ್ತಿತ್ತು, ಮಂಗಳೂರಿನವರಲ್ಲವೇ! ಆಗ ಗುಟ್ಟಾಗಿ ಕೈಯಿಂದ ಕೈಗೆ ದಾಟಿದ ಹಾಳೆಗಳೂ ಭೂಗತ ಸಾಹಿತ್ಯವೇ. ಆಮೇಲೆ ಮುಂಬಯಿಯ ಪಾತಕಿಗಳ ಸುದ್ದಿ ಪತ್ರಿಕೆಗಳನ್ನು ತುಂಬಿತು, ಪದ ಅವರ ಪಾಲಾಯಿತು.

ಇನ್ನೊಂದು ತೊಡಕು ಲಿಪಿಯದು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಿತ್ರಕಾರ ರಾಬರ್ಟ್ ಕ್ರಂಬ್ ಮುಂತಾದವರು ಇಂಗ್ಲಿಷಿನ ಕಾಮಿಕ್ಸ್ ಪದದ ಕೊನೆಯ ‘ಸಿ’, ‘ಎಸ್’ ಕಿತ್ತುಹಾಕಿ ಅಲ್ಲಿ ‘ಎಕ್ಸ್’ ನಿಲ್ಲಿಸಿದರು. ನಾವು ಅಂಗಡಿಯ ಸಭ್ಯ ಸರಕಲ್ಲ ಎಂಬ ಅಣಕ ಆ ಒಂದು ಅಕ್ಷರದಲ್ಲಿತ್ತು. ಕನ್ನಡದಲ್ಲಿ ಬರೆದು ನೋಡಿ: ಅದೂ ಕಾಮಿಕ್ಸ್, ಇದೂ ಕಾಮಿಕ್ಸ್. ನಮ್ಮ ಒತ್ತಕ್ಷರ ಆ ಬಂಡಾಯವನ್ನು ನುಂಗಿ ನೀರು ಕುಡಿಯುತ್ತದೆ.

ನಿಜವಾಗಿ ಬೆವರಿಳಿಸಿದ್ದು ಒಂದೇ ಒಂದು ವಾಕ್ಯ. 1954ರಲ್ಲಿ ಅಲ್ಲಿನ ಪ್ರಕಾಶಕರು, ಸೆನೆಟ್ ಸಮಿತಿಯ ವಿಚಾರಣೆಯ ಬಿಸಿ ತಾಗಿದ ಮೇಲೆ, ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿ ಹಾಕಿಕೊಂಡರು. ಅದರ ಪ್ರಕಾರ ಯಾವ ಪತ್ರಿಕೆಯ ಹೆಸರಿನಲ್ಲೂ ‘ಹಾರರ್’, ‘ಟೆರರ್’ ಎಂಬ ಪದಗಳು ಇರಕೂಡದಾಗಿತ್ತು. ನಿಯಮ ಪಾಲಿಸಿದವರಿಗೆ ಮುಖಪುಟದ ಮೇಲೆ ಒಪ್ಪಿಗೆಯ ಮುದ್ರೆ. ಮುಂದೆ ಆ ಮುದ್ರೆಗೆ ಕೈಚಾಚದವರೇ ನಮ್ಮ ಅಂಡರ್‌ಗ್ರೌಂಡ್‌ನವರು. ಈಗ ಆ ಎರಡು ಪದಗಳಿಗೆ ಎರಡು ಕನ್ನಡ ಪದ ಬೇಕು. ‘ಟೆರರ್’ಗೆ ಭಯೋತ್ಪಾದನೆ ಎಂದರೆ ಪೊಲೀಸರೇ ಮಾತುಕತೆಗೆ ಬಂದಾರು!

‘ಭೂತದ ಕಥೆ’ ಎನ್ನಬಹುದಲ್ಲ ಎಂದು ಬೆಂಗಳೂರಿನ ಗೆಳೆಯರೊಬ್ಬರು ಸೂಚಿಸಿದರು. ಇಲ್ಲಿ ಅದು ನಡೆಯುವುದಿಲ್ಲ. ನಮ್ಮ ತುಳುನಾಡಿನಲ್ಲಿ ಭೂತ ಎಂದರೆ ದೈವ, ನಾವು ಕೋಲ ಕೊಟ್ಟು ಆರಾಧಿಸುವ, ನ್ಯಾಯ ಕೇಳುವ ಶಕ್ತಿ. ಬ್ರಿಟಿಷ್ ಅಧಿಕಾರಿ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳು, 1890ರ ದಶಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದಾಗ ತುಳುವರ ‘ಡೆವಿಲ್’ ಪೂಜೆ ಎಂಬ ತಲೆಬರಹ ಹೊತ್ತಿದ್ದವು. ಆ ತಪ್ಪನ್ನು ನಾನು ಹಿಂದುಮುಂದಾಗಿ ಮಾಡಲಾರೆ. ತುಳುವಿನ ‘ಕುಲೆ’ ಸತ್ತವರ ಆತ್ಮ, ನಿಜ. ಆದರೆ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುವಾಗ ಕುಲೆಯೂ ಮನೆಯವರೇ.

ಕೊನೆಗೆ ಕಾವ್ಯಶಾಸ್ತ್ರದ ರಸಗಳ ಮೊರೆ ಹೊಕ್ಕೆ. ಭಯಾನಕ ರಸಕ್ಕೆ ಸ್ಥಾಯಿ, ಅಂದರೆ ಮೂಲಭಾವ, ಭಯ; ಬೀಭತ್ಸಕ್ಕೆ ಜುಗುಪ್ಸೆ. ಚಿಕ್ಕಂದಿನಲ್ಲಿ ಬಯಲಾಟದ ಚಾಪೆಯ ಮೇಲೆ ನಿದ್ದೆ ಹೋದ ನಮ್ಮನ್ನು ಬಣ್ಣದ ವೇಷದ ಅಬ್ಬರ ಎಬ್ಬಿಸುತ್ತಿತ್ತಲ್ಲ, ರಾಕ್ಷಸ ಇನ್ನೂ ಕಾಣುವ ಮೊದಲೇ ಎದೆ ಹಾರುತ್ತಿತ್ತಲ್ಲ, ಅದು ಭಯಾನಕ. ಕೊಳೆತ ಹೆಣ ಗೋರಿಯಿಂದ ಎದ್ದು ಬರುವ ಐವತ್ತರ ದಶಕದ ಆ ಚಿತ್ರಗಳು ಬೀಭತ್ಸ. ಹಾಗಾಗಿ ‘ಟೆರರ್’ಗೆ ಭಯಾನಕ, ‘ಹಾರರ್’ಗೆ ಬೀಭತ್ಸ ಎಂದು ಬರೆದಿಟ್ಟಿದ್ದೇನೆ. ಹೆಣವೇ ಇಲ್ಲದ, ಬರೀ ಮುಚ್ಚಿದ ಬಾಗಿಲಿನಿಂದ ಹೆದರಿಸುವ ಹಾರರ್ ಕಥೆಗೆ ಬೀಭತ್ಸ ಒಗ್ಗುವುದಿಲ್ಲ ಎಂಬುದು ನನಗೂ ಗೊತ್ತಿದೆ.

‘ಅಂಡರ್‌ಗ್ರೌಂಡ್’ಗೆ ‘ಮುದ್ರೆಯಿಲ್ಲದ ಕಾಮಿಕ್ಸ್’ ಎಂದರೆ ಹೇಗೆ? ಅಚ್ಚೇ ಆಗದ ಪುಸ್ತಕ ಎಂಬ ಅರ್ಥವೂ ಬರುತ್ತದೆ ಎಂದು ಮನೆಯಲ್ಲಿ ಈಗಾಗಲೇ ನಕ್ಕಿದ್ದಾರೆ. ‘ಠಸ್ಸೆಯಿಲ್ಲದ’ ಎಂದರೆ ಆ ಗೊಂದಲ ತಪ್ಪುತ್ತದೆ, ಆದರೆ ತಾಲ್ಲೂಕು ಕಚೇರಿಯ ವಾಸನೆ. ಘಟ್ಟದ ಮೇಲಿನವರು, ಧಾರವಾಡದ ಕಡೆಯವರು ಏನನ್ನುತ್ತೀರಿ? ಪ್ರೆಸ್ಸಿನ ಹುಡುಗ ಶನಿವಾರದವರೆಗೆ ಕಾಯುತ್ತಾನಂತೆ.