ಬ್ಯಾಂಕ್ ಖಾತೆ ಇಲ್ಲದವರ ಕೈಗೆ ಚೆಕ್ ಬಂದರೆ: ತಿಳಿದವರು ಹೇಳಿದ್ದು

ಕೇಳಿದ್ದು:
ಜಗಳೂರು ತಾಲ್ಲೂಕಿನಲ್ಲಿರುವ ನಮ್ಮ ಅತ್ತೆಗೆ ಮೆಕ್ಕೆಜೋಳ ಮಾರಿದ ಬಾಬ್ತು ದಾವಣಗೆರೆ ಎಪಿಎಂಸಿಯ ದಲ್ಲಾಲಿ ಅಂಗಡಿಯವರು 46,800 ರೂಪಾಯಿ ಚೆಕ್ ಕೊಟ್ಟಿದ್ದಾರೆ. ಅತ್ತೆಗೆ ಖಾತೆ ಇಲ್ಲ, ಸಹಿಯೂ ಬರಲ್ಲ, ಹೆಬ್ಬೆಟ್ಟು. ಚೆಕ್ಕಿನ ಎಡಮೂಲೆಯಲ್ಲಿ ಎರಡು ಓರೆ ಗೆರೆ ಇವೆ. ನನ್ನ ಖಾತೆಗೆ ಹಾಕಿ ದುಡ್ಡು ತೆಗೆದುಕೊಡಬಹುದಾ? ಕಮಿಷನ್ ಹಿಡಿದು ಈಗಲೇ ನಗದು ಕೊಡ್ತೀನಿ ಅನ್ನೋರೂ ಒಬ್ಬರಿದ್ದಾರೆ. ಗೊತ್ತಿದ್ದವರು ದಾರಿ ಹೇಳಿ.

ಬ್ಯಾಂಕ್ ಕೌಂಟರ್ ಕೆಲಸ ಬಲ್ಲವರು, ದಾವಣಗೆರೆ:
ಮೊದಲು ಚೆಕ್ ಕೈಲಿ ಹಿಡ್ಕೊಂಡು ಎರಡು ಕಡೆ ನೋಡ್ರಿ. ಒಂದು, ಆ ಎರಡು ಗೆರೆಗಳ ನಡುವೆ 'ಅಕೌಂಟ್ ಪೇಯಿ' ಅಂತ ಬರೆದಿದೆಯೋ, ಬರೀ ಗೆರೆಯೋ. ಎರಡು, ಹೆಸರು ಬರೆಯೋ ಸಾಲಿನ ಕೊನೆಯಲ್ಲಿ ಅಚ್ಚಾಗಿರೋ 'ಆರ್ ಬೇರರ್' (ಅಥವಾ ಧಾರಕರಿಗೆ, ಅಂದ್ರೆ ಚೆಕ್ ತಂದವರಿಗೆ) ಅನ್ನೋದನ್ನ ಹೊಡೆದು ಹಾಕಿದ್ದಾರೋ ಇಲ್ವೋ.

ಗೆರೆ ಇಲ್ಲ, ಧಾರಕ ಅನ್ನೋದನ್ನೂ ಹೊಡೆದಿಲ್ಲ ಅಂದ್ರೆ ಅದು ಬೇರರ್ ಚೆಕ್. ಅಂಗಡಿಯವರ ಖಾತೆ ಇರೋ ಶಾಖೆಗೆ ಹೋಗಿ ಕೊಟ್ರೆ ಕೌಂಟರಲ್ಲೇ ನಗದು ಸಿಗುತ್ತೆ, ನಿಮ್ಮ ಅತ್ತೆಗೆ ಖಾತೆ ಬೇಕಿಲ್ಲ. ಶಾಖೆ ಯಾವುದು ಅಂತ ಚೆಕ್ಕಿನ ಮೇಲೆ ಬ್ಯಾಂಕಿನ ಹೆಸರಿನ ಹತ್ತಿರವೇ ಅಚ್ಚಾಗಿರುತ್ತೆ. ಅದೇ ಬ್ಯಾಂಕಿನ ಬೇರೆ ಶಾಖೆಗೆ ಹೋದ್ರೆ ಮಿತಿ ಇದೆ ಅಂತ ವಾಪಸ್ ಕಳಿಸಬಹುದು. ಆಧಾರ್ ಒರಿಜಿನಲ್ ಜೊತೆಗೊಂದು ಜೆರಾಕ್ಸ್ ಇರಲಿ. ಹಿಂಬದಿ ಹೆಬ್ಬೆಟ್ಟು ಮನೆಯಲ್ಲೇ ಒತ್ತಿಸಬೇಡ್ರಿ, ಕೌಂಟರ್ ಮುಂದೆ ಒತ್ತಲಿ. ರೂಢಿಯಲ್ಲಿ ಗಂಡಸರಿಗೆ ಎಡಗೈ ಹೆಬ್ಬೆರಳು, ಹೆಂಗಸರಿಗೆ ಬಲಗೈದು.

ಧಾರಕ ಅನ್ನೋದನ್ನ ಹೊಡೆದಿದ್ರೆ ಅದು ಆರ್ಡರ್ ಚೆಕ್. ಗೆರೆ ಇಲ್ಲದಿದ್ರೆ ಇದಕ್ಕೂ ನಗದು ಕೊಡಬಹುದು, ಆದ್ರೆ ಹೆಸರಿನವರು ಅವರೇ ಅಂತ ಬ್ಯಾಂಕಿಗೆ ಖಾತ್ರಿ ಆಗಬೇಕು. ಚೆಕ್ಕಿನಲ್ಲಿ ರತ್ನಮ್ಮ, ಆಧಾರಲ್ಲಿ ರತ್ನಾಬಾಯಿ ಅಂತಿದ್ರೆ ಅಲ್ಲೇ ನಿಲ್ಲುತ್ತೆ.

ನೀವು ಹೇಳಿದ್ದು ಗೆರೆ ಇರೋ ಚೆಕ್. ಅದಕ್ಕೆ ಯಾವ ಮ್ಯಾನೇಜರನ್ನ ಕೇಳಿದ್ರೂ ಕೌಂಟರಲ್ಲಿ ನಗದು ಕೊಡೋ ಹಾಗಿಲ್ಲ, ಖಾತೆ ಮೂಲಕವೇ ಹೋಗಬೇಕು. ಅದರ ಮೇಲೆ 'ಅಕೌಂಟ್ ಪೇಯಿ' ಅಂತಲೂ ಇದ್ರೆ ಹೆಸರಿನವರ ಖಾತೆಗೆ ಮಾತ್ರ. ಬೇರೆಯವರ ಖಾತೆಗೆ ವಸೂಲಿ ಮಾಡಬಾರದು ಅಂತ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ನೀವು ಅಳಿಯನೋ ಮಗನೋ, ಅದು ಲೆಕ್ಕಕ್ಕೆ ಬರಲ್ಲ. ಬರೀ ಗೆರೆ ಇದ್ರೆ ಹಿಂದೆ ಬರೆದುಕೊಟ್ಟು ಇನ್ನೊಬ್ಬರಿಗೆ ವರ್ಗಾಯಿಸೋಕೆ ಕಾನೂನಲ್ಲಿ ಅವಕಾಶ ಇದೆ, ಆದ್ರೆ ಅಂಥ ಚೆಕ್ ತಗೊಳ್ಳೋಕೆ ಬ್ಯಾಂಕಿನವರು ಒಪ್ಪೋದು ಬಹಳ ಕಡಿಮೆ.

ಗಾಬರಿ ಬೇಡ. ಚೆಕ್ಕಿನ ಮೇಲಿನ ತಾರೀಖಿನಿಂದ ಮೂರು ತಿಂಗಳು ಸಮಯ ಇದೆ. ಅಷ್ಟರಲ್ಲಿ ಮಡಚಬೇಡಿ, ಪಿನ್ ಹೊಡೀಬೇಡಿ, ಕೆಳಗಿನ ಬಿಳಿ ಪಟ್ಟಿಯಲ್ಲಿ ಅಂಕಿಗಳ ಮೇಲೆ ಏನೂ ಬರೀಬೇಡಿ.

ಮಂಡಿ ಲೆಕ್ಕ ಬರೆಯುವವರು, ದಾವಣಗೆರೆ:
ಮೊದಲು ಅಂಗಡಿಗೇ ಹೋಗಿ ಕೇಳಿ ಸರ್. ಗೆರೆ ಎಳೆಯೋದು ಎಷ್ಟೋ ಕಡೆ ಅಭ್ಯಾಸಬಲ. ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿ ಮೀರಿ ನಗದು ಕೊಟ್ರೆ ವ್ಯಾಪಾರಿ ಅದನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸೋಕೆ ಬರಲ್ಲ. ಆ ಭಯಕ್ಕೆ ಎಲ್ಲರಿಗೂ ಅಕೌಂಟ್ ಪೇಯಿ ಬರೀತಾರೆ. ಆದ್ರೆ ಬೆಳೆದ ರೈತರಿಂದಲೇ ಮಾಲು ಕೊಂಡಿದ್ದಕ್ಕೆ ಆ ಮಿತಿಯಿಂದ ವಿನಾಯಿತಿ ಇದೆ. 2 ಲಕ್ಷದೊಳಗಿನ ನಗದು ಮಾರಾಟಕ್ಕೆ ರೈತರು ಪ್ಯಾನ್ ಕೊಡಬೇಕಿಲ್ಲ ಅಂತಲೂ ಕೇಂದ್ರ ನೇರ ತೆರಿಗೆ ಮಂಡಳಿ 2017ರ ನವೆಂಬರ್‌ನಲ್ಲೇ ಸ್ಪಷ್ಟ ಮಾಡಿದೆ. ಇದನ್ನ ಹೇಳಿ, ಚೆಕ್ ವಾಪಸ್ ಕೊಟ್ಟು ನಗದು ಕೇಳಿ, ಇಲ್ಲಾ ಗೆರೆ ಇಲ್ಲದ ಹೊಸ ಚೆಕ್ ಬರೆಸಿಕೊಳ್ಳಿ. ಕೊಟ್ಟ ಚೆಕ್ಕಿನಲ್ಲೇ ಗೆರೆಗಳನ್ನ ಹೊಡೆದುಹಾಕಿ ಸಹಿ ಹಾಕಿಸ್ಕೊಂಡು ಬರೋದು ಬೇಡ, ಬ್ಯಾಂಕಲ್ಲಿ ಅದಕ್ಕೇ ತಕರಾರು ಶುರು. ಹೊಸದು ಬರೆಸೋದೇ ಸರಿ.

ಹೊಸ ಚೆಕ್ಕಿಗೆ ಹೆಸರು ಬರೆಸುವಾಗ ಆಧಾರ್ ಮುಂದಿಟ್ಟು ಅಕ್ಷರ ಅಕ್ಷರ ನೋಡಿ ಬರೆಸಿ. ಬೇರರ್ ಚೆಕ್ ಕಳೆದ್ರೆ ಸಿಕ್ಕಿದವರು ನಗದು ಮಾಡ್ಕೋಬಹುದು, ಅದಕ್ಕೇ ಅವತ್ತೇ ಬ್ಯಾಂಕಿಗೆ ಹೋಗಿ. ಕಳೆದೇ ಹೋದ್ರೆ ತಕ್ಷಣ ಅಂಗಡಿಗೆ ಫೋನ್ ಮಾಡಿ. ಪೇಮೆಂಟ್ ನಿಲ್ಲಿಸೋ ಅಧಿಕಾರ ಚೆಕ್ ಬರೆದವರಿಗೇ ಇರೋದು.

ಬ್ಯಾಂಕ್ ಮಿತ್ರ, ಚಳ್ಳಕೆರೆ ಕಡೆಯವರು:
ಅಣ್ಣ, ಅತ್ತೆಗೆ ಖಾತೆ ಇಲ್ಲ ಅನ್ನೋದು ಖಚಿತನಾ? ಗೃಹಲಕ್ಷ್ಮಿ, ಪಿಂಚಣಿ, ಉದ್ಯೋಗ ಖಾತ್ರಿ ಕೂಲಿ, ಬೆಳೆ ಪರಿಹಾರ, ಇವುಗಳಲ್ಲಿ ಯಾವುದಾದರೂ ಬ್ಯಾಂಕಿಗೆ ಬಂದಿದ್ರೆ ಖಾತೆ ಇದೆ ಅಂತಲೇ ಅರ್ಥ. 'ಡಿಬಿಟಿ ಕರ್ನಾಟಕ' ಆ್ಯಪಲ್ಲಿ ಆಧಾರ್ ಹಾಕಿದ್ರೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಕಾಣುತ್ತೆ, ಆಧಾರಿಗೆ ಕೊಟ್ಟ ಮೊಬೈಲಿಗೆ ಒಟಿಪಿ ಬರಬೇಕು ಅಷ್ಟೆ.

ನಿಜವಾಗ್ಲೂ ಇಲ್ಲ ಅಂದ್ರೆ ಝೀರೋ ಬ್ಯಾಲೆನ್ಸ್ ಜನಧನ್ ಖಾತೆ ತೆರೆಸಿ. ಆಧಾರ್, ಫೋಟೋ, ಪ್ಯಾನ್ ಇಲ್ಲದಿದ್ರೆ ಅದರ ಬದಲಿಗೆ ತುಂಬೋ ಘೋಷಣೆ ಫಾರಂ, ಇಷ್ಟು ಸಾಕು. ಇಲ್ಲಿ ಒಂದೇ ಒಂದು ಎಚ್ಚರ: ದಾಖಲೆ ಏನೂ ಇಲ್ಲ ಅಂತ ಬರೀ ಫೋಟೋ, ಹೆಬ್ಬೆಟ್ಟಿನ ಮೇಲೆ ತೆರೆಯೋ 'ಸಣ್ಣ ಖಾತೆ' ಆಗಬಾರದು. ಅದರಲ್ಲಿ 50,000ಕ್ಕಿಂತ ಹೆಚ್ಚು ಬ್ಯಾಲೆನ್ಸ್ ಇಡಂಗಿಲ್ಲ, ವರ್ಷಕ್ಕೆ ಜಮೆ 1 ಲಕ್ಷ ಮೀರಂಗಿಲ್ಲ, ತಿಂಗಳಿಗೆ 10,000 ಮಾತ್ರ ತೆಗೀಬಹುದು. ನಿಮ್ಮ 46,800 ಪೂರ್ತಿ ಕೈಗೆ ಬರೋಕೆ ಐದು ತಿಂಗಳು ಹಿಡಿಯುತ್ತೆ. ಆಧಾರ್ ಕೊಟ್ಟು ಪೂರ್ತಿ ಕೆವೈಸಿ (ಗುರುತು, ವಿಳಾಸದ ಪರಿಶೀಲನೆ) ಮಾಡಿಸಿದ ಖಾತೆಗೆ ಈ ಕಟ್ಟಿಲ್ಲ. ಫಾರಂ ತುಂಬುವಾಗಲೇ ಬಾಯಿಬಿಟ್ಟು ಕೇಳಿ.

ಕೇಳಿದವರು:
ಹುಡುಕಿಸಿದೆ. ಉದ್ಯೋಗ ಖಾತ್ರಿಗೆ ಮಾಡಿಸಿದ್ದ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಿನ ಹಳೇ ಪಾಸ್‌ಬುಕ್ ಟ್ರಂಕಿನಲ್ಲಿ ಸಿಕ್ಕಿತು. ಕೊನೆಯ ಎಂಟ್ರಿ 2017ರದ್ದು. ಇದಿನ್ನೂ ನಡೆಯುತ್ತಾ?

ಬ್ಯಾಂಕ್ ಮಿತ್ರ, ಚಳ್ಳಕೆರೆ ಕಡೆಯವರು:
ನಡೆಯುತ್ತೆ. ಆ ಬ್ಯಾಂಕ್ 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನ ಜೊತೆ ಸೇರಿತು, 2025ರ ಮೇ 1ರಿಂದ ರಾಜ್ಯಕ್ಕೆಲ್ಲ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯ ಆಗುತ್ತೆ, ಮುಚ್ಚಿ ಹೋಗಲ್ಲ. ಅತ್ತೆಯನ್ನ ಕರ್ಕೊಂಡು ಹೋಗಿ ಆಧಾರ್, ಫೋಟೋ ಕೊಟ್ಟು ಮತ್ತೆ ಕೆವೈಸಿ ಮಾಡಿಸಿ. ಚಾಲೂ ಮಾಡೋಕೆ ಶುಲ್ಕ ಕೇಳಂಗಿಲ್ಲ. ಖಾತೆ ಚಾಲೂ ಆಗಿ ಹೊಸ ಪಾಸ್‌ಬುಕ್ ಕೈಗೆ ಬಂದ ಮೇಲೆ ಚೆಕ್ ಹಾಕಿ, ಅದಕ್ಕೂ ಮೊದಲು ಬೇಡ.

ಬ್ಯಾಂಕ್ ಕೌಂಟರ್ ಕೆಲಸ ಬಲ್ಲವರು, ದಾವಣಗೆರೆ:
ಹಾಕುವಾಗ ಚೆಕ್ಕಿನ ಹಿಂದೆ ಹೆಸರು, ಖಾತೆ ನಂಬರು, ಫೋನ್ ನಂಬರು ಬರೀರಿ. ಡಬ್ಬಿಗೆ ಹಾಕದೆ ಕೌಂಟರಲ್ಲೇ ಕೊಟ್ಟು ಚಲನ್ನಿನ ಅರ್ಧಕ್ಕೆ ಸೀಲು ಹಾಕಿಸ್ಕೊಳ್ರಿ. ಕೇಳಿದ್ರೆ ಇಲ್ಲ ಅನ್ನಂಗಿಲ್ಲ. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ (ಬ್ಯಾಂಕುಗಳ ನಡುವೆ ಚೆಕ್ ಪಾಸು ಮಾಡೋ ಕೆಲಸ) ದಿನವಿಡೀ ನಡೆಯೋದ್ರಿಂದ ಮೊದಲಿನಷ್ಟು ಕಾಯೋದಿಲ್ಲ. ಎರಡನೇ, ನಾಲ್ಕನೇ ಶನಿವಾರ ರಜೆ, ಅದನ್ನ ನೋಡ್ಕೊಂಡು ಜಗಳೂರಿಗೆ ಬಸ್ ಹತ್ರಿ.

ಪತ್ತಿನ ಸಹಕಾರ ಸಂಘದ ಲೆಕ್ಕ ನೋಡುವವರು, ಹೊಳಲ್ಕೆರೆ:
ಇದೇ ತೊಂದರೆ ಇರೋ ಬೇರೆಯವರಿಗಾಗಿ ಒಂದು ಮಾತು. ಬ್ಯಾಂಕ್ ಖಾತೆ ಇಲ್ಲ, ಆದ್ರೆ ಪತ್ತಿನ ಸಹಕಾರ ಸಂಘದಲ್ಲಿ ಸದಸ್ಯತ್ವ ಇದೆ ಅಂದ್ರೆ, 50,000 ರೂಪಾಯಿ ಮೀರದ ಅಕೌಂಟ್ ಪೇಯಿ ಚೆಕ್ಕನ್ನ ಸಂಘದ ಬ್ಯಾಂಕ್ ಖಾತೆ ಮೂಲಕ ವಸೂಲಿ ಮಾಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಸಂಘ ತನ್ನ ಬ್ಯಾಂಕಿಗೆ ಲಿಖಿತವಾಗಿ ಬರೆದುಕೊಡಬೇಕು. ಬ್ಯಾಂಕು ಒಪ್ಪಲೇಬೇಕು ಅಂತೇನಿಲ್ಲ, ಹಾಗಾಗಿ ಚೆಕ್ ಕೊಡೋ ಮುಂಚೆ ಕಾರ್ಯದರ್ಶಿಗಳನ್ನ ವಿಚಾರಿಸಿ.

ವಕೀಲರ ಕಚೇರಿಯವರು, ಚಿತ್ರದುರ್ಗ:
ಕಮಿಷನ್ ಹಿಡಿದು ನಗದು ಕೊಡ್ತೀನಿ ಅನ್ನೋರ ಕೈಗೆ ಚೆಕ್ ಕೊಡಲೇಬೇಡಿ. ಹಿಂದೆ ಹೆಬ್ಬೆಟ್ಟು ಒತ್ತಿ ಕೊಟ್ಟ ಮೇಲೆ ಅದು ಎಲ್ಲಿ ಹೋಯ್ತು, ಪಾಸಾಯ್ತಾ, ಬೌನ್ಸಾಯ್ತಾ ಅಂತ ತಿಳಿಯೋ ದಾರಿ ನಿಮಗಿರಲ್ಲ. ಬೌನ್ಸಾದ್ರೆ ಅವರು ಕೊಟ್ಟ ದುಡ್ಡು ವಾಪಸ್ ಕೇಳ್ತಾರೆ, ಬ್ಯಾಂಕ್ ಕೊಡೋ ಮೆಮೋ (ಚೆಕ್ ಯಾಕೆ ವಾಪಸ್ ಬಂತು ಅನ್ನೋ ಚೀಟಿ) ಮಾತ್ರ ನಿಮ್ಮ ಕೈಗೆ ಬರಲ್ಲ.

ಅತ್ತೆಯ ಖಾತೆಗೇ ಹಾಕಿ ಬೌನ್ಸಾದ್ರೆ ಬ್ಯಾಂಕ್ ಕೊಡೋ ಮೆಮೋ, ಚೆಕ್ ಎರಡನ್ನೂ ಜೋಪಾನವಾಗಿಡಿ. ದುಡ್ಡಿಲ್ಲದೆ ವಾಪಸ್ ಬಂದಿದ್ರೆ, ಮೆಮೋ ಬಂದ 30 ದಿನದೊಳಗೆ ಅಂಗಡಿಯವರಿಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ಮುಟ್ಟಿ 15 ದಿನದಲ್ಲಿ ದುಡ್ಡು ಬರದಿದ್ರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ನೋಟಿಸನ್ನ ಸ್ಪೀಡ್ ಪೋಸ್ಟಿನಲ್ಲಿ ರಿಜಿಸ್ಟ್ರೇಷನ್ ಸೇರಿಸಿಯೇ ಕಳಿಸಿ, ಅಂಚೆ ರಸೀದಿಯನ್ನ ಮಂಡಿಯ ತೂಕದ ಚೀಟಿ, ಲೆಕ್ಕದ ಪಟ್ಟಿ ಜೊತೆ ಇಟ್ಕೊಳ್ಳಿ.